ಹಳೆಯ ರೇಸ್ ಬೈಕ್‌ಗಳ ಇಂಜಿನ್: ಹೊಸೂರಿನ ನಮ್ಮ ಶೆಡ್ಡಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸೂರಿನಿಂದ ತಳಿಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಸಣ್ಣ ಲೇತ್ ಶೆಡ್ಡು ಇದೆ. ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಮೂವತ್ತು ವರ್ಷ ದುಡಿದು, ನಿವೃತ್ತನಾದ ಮೇಲೆ ಹಾಕಿಕೊಂಡದ್ದು. ಭಾನುವಾರ ಬಂತೆಂದರೆ ಬಾಗಲೂರು, ಕೆಲಮಂಗಲ, ಡೆಂಕಣಿಕೋಟೆ ಕಡೆಯಿಂದ ಹುಡುಗರು ಬರುತ್ತಾರೆ. ಹಳೆಯ ಬೈಕ್ ಬಿಚ್ಚುತ್ತೇವೆ, ತೊಳೆಯುತ್ತೇವೆ, ಜೋಡಿಸುತ್ತೇವೆ. ಮಾತು ಕನ್ನಡ, ತೆಲುಗು, ತಮಿಳು ಮೂರರಲ್ಲೂ ನಡೆಯುತ್ತದೆ. ಪಿಸ್ಟನ್‌ಗೆ ಮೂರರಲ್ಲೂ ಪಿಸ್ಟನ್ನೇ. ಕನ್ನಡ ಶಾಲೆಯಲ್ಲಿ ಓದಿದ ಒಬ್ಬ ಹುಡುಗ, "ರೇಸ್ ಇಂಜಿನ್ ವಿಷಯ ಹೇಳ್ತೀರಲ್ಲ ಅಣ್ಣ, ಕನ್ನಡದಲ್ಲಿ ಬರೆದಿಡಿ" ಅಂದ. ಹಾಗಾಗಿ ಬರೆದಿದ್ದೇನೆ.

ಹಳೆಯ ರೇಸ್ ಬೈಕ್ ಅಂದರೆ ಯಾವ ಕಾಲದ್ದು?

ನಾನು ಇಲ್ಲಿ ಹೇಳುವುದು ಹೆಚ್ಚಾಗಿ 1930ರಿಂದ 1970ರ ದಶಕದವರೆಗಿನ ಬೈಕ್‌ಗಳ ವಿಷಯ. ಕಂಪ್ಯೂಟರ್ ಇಲ್ಲದ ಕಾಲ. ಡ್ರಾಯಿಂಗ್ ಬೋರ್ಡು, ಸ್ಲೈಡ್ ರೂಲ್, ಲೇತು ಮತ್ತು ಕಿವಿ, ಇಷ್ಟರಲ್ಲೇ ಎಲ್ಲ ಆಗಬೇಕಿತ್ತು.

ಎಲ್ಲ 500 ಸಿಸಿ ಬೈಕ್‌ಗಳೇ. ಒಬ್ಬರು ಒಂದು ಸಿಲಿಂಡರ್ ಇಟ್ಟರು, ಒಬ್ಬರು ನಾಲ್ಕು, ಇನ್ನೊಬ್ಬರು ಎಂಟು. ಯಾಕೆ?

ಇದಕ್ಕೆ ಉತ್ತರ ಸಿಕ್ಕರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ಉತ್ತರ ಸಿಕ್ಕ ಹಾಗೆ. ಸ್ವಲ್ಪ ನಿಧಾನವಾಗಿ ಓದಿ.

ಪೆಟ್ರೋಲ್ ಹಾಕುವುದು ಕಷ್ಟವಲ್ಲ. ಅದನ್ನು ಸುಡಲು ಬೇಕಾದ ಗಾಳಿಯನ್ನು ಒಳಗೆ ತರುವುದು ಕಷ್ಟ. ರೇಸಿನ ನಿಯಮ ಸಿಸಿ, ಅಂದರೆ ಸಿಲಿಂಡರುಗಳ ಒಳಗಿನ ಒಟ್ಟು ಜಾಗ, ಎಷ್ಟಿರಬೇಕು ಅಂತ ಹೇಳಿಬಿಡುತ್ತದೆ. ಹಾಗಾದರೆ ಅದೇ ಸಿಸಿಯಲ್ಲಿ ಜಾಸ್ತಿ ಪವರ್ ಬೇಕಾದರೆ ಏನು ಮಾಡಬೇಕು? ಒಂದು ನಿಮಿಷಕ್ಕೆ ಜಾಸ್ತಿ ಸಲ ಉಸಿರಾಡಬೇಕು. ಅಂದರೆ ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು, ಆರ್‌ಪಿಎಂ, ಏರಬೇಕು.

ಈಗ ಅಡುಗೆಮನೆಗೆ ಬನ್ನಿ. ಒಂದು ದೊಡ್ಡ ಹಂಡೆ ಇದೆ. ಅದೇ ಆಕಾರದ, ಎಲ್ಲ ಅಳತೆಯಲ್ಲೂ ಸರಿಯಾಗಿ ಅರ್ಧ ಇರುವ ಪುಟ್ಟ ಹಂಡೆಗಳು ಎಂಟು ಇವೆ. ಎಂಟರಲ್ಲೂ ತುಂಬುವ ನೀರು ದೊಡ್ಡ ಹಂಡೆಯ ನೀರಿಗೆ ಸಮ. ಆದರೆ ಬಾಯಿ? ಒಂದೊಂದು ಪುಟ್ಟ ಹಂಡೆಯ ಬಾಯಿ ದೊಡ್ಡದರ ಕಾಲು ಭಾಗ. ಎಂಟನ್ನೂ ಕೂಡಿಸಿದರೆ ದೊಡ್ಡ ಹಂಡೆಯ ಬಾಯಿಯ ಎರಡರಷ್ಟು ಆಗುತ್ತದೆ. ನೀರು ಅಷ್ಟೇ, ಬಾಯಿ ಎರಡರಷ್ಟು. ಸಿಲಿಂಡರಿಗೂ ಅದರ ಬಾಯಿ ತೆರೆದು ಮುಚ್ಚುವ ವಾಲ್ವ್‌ಗೂ ಇದೇ ಲೆಕ್ಕ. ಸಿಲಿಂಡರ್ ಸಣ್ಣದು ಮಾಡಿ ಸಂಖ್ಯೆ ಜಾಸ್ತಿ ಮಾಡಿದರೆ ಇಂಜಿನ್ ಸಲೀಸಾಗಿ ಉಸಿರಾಡುತ್ತದೆ. ಪಿಸ್ಟನ್, ವಾಲ್ವ್ ಎಲ್ಲ ಹಗುರಾಗುವುದರಿಂದ ಜಾಸ್ತಿ ಸುತ್ತು ತಿರುಗಿದರೂ ಮುರಿಯುವುದಿಲ್ಲ.

ಹಾಗಾದರೆ ಎಲ್ಲರೂ ಎಂಟೇ ಇಡಬಹುದಿತ್ತಲ್ಲ ಅಂತ ಕೇಳಬೇಡಿ, ಅದು ಮುಂದೆ ಬರುತ್ತದೆ.

20,000 ಆರ್‌ಪಿಎಂನಲ್ಲಿ ತಿರುಗುವ ಇಂಜಿನ್ ಇತ್ತಂತೆ. ಆ ಕಾಲದಲ್ಲಿ ಅದು ನಿಜವಾಗಿ ಸಾಧ್ಯವಿತ್ತಾ?

ಸಾಧ್ಯವಿತ್ತು. 1966ರಲ್ಲಿ ಲುಯಿಜಿ ತವೇರಿ 125 ಸಿಸಿ ವಿಶ್ವ ಚಾಂಪಿಯನ್ ಆದ ಹೋಂಡಾ ಬೈಕಿನಲ್ಲಿ ಐದು ಸಿಲಿಂಡರ್ ಇತ್ತು. ಒಂದೊಂದೂ ಬರೀ 25 ಸಿಸಿ. ಬೋರ್, ಅಂದರೆ ಸಿಲಿಂಡರಿನ ಒಳಗಿನ ಅಗಲ, 35.5 ಮಿ.ಮೀ. ಸ್ಟ್ರೋಕ್, ಅಂದರೆ ಪಿಸ್ಟನ್ ಒಂದು ಸಲಕ್ಕೆ ಓಡುವ ದೂರ, ಸುಮಾರು 25 ಮಿ.ಮೀ. ಅದು 20,000 ಆರ್‌ಪಿಎಂ ದಾಟಿ ತಿರುಗುತ್ತಿತ್ತು. ಅದೇ ಅಳತೆಯ ಎರಡು ಸಿಲಿಂಡರ್ ಇಟ್ಟು ಹೋಂಡಾ 50 ಸಿಸಿ ಬೈಕನ್ನೂ ಮಾಡಿತ್ತು.

ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಲೆಕ್ಕವಿದೆ. ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದೇನೆ. ಪಿಸ್ಟನ್ ಒಂದು ಸುತ್ತಿಗೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೋಗುತ್ತದೆ. ಸ್ಟ್ರೋಕನ್ನು ಎರಡರಿಂದ ಗುಣಿಸಿ, ಆರ್‌ಪಿಎಂನಿಂದ ಗುಣಿಸಿದರೆ ಒಂದು ನಿಮಿಷಕ್ಕೆ ಅದು ಓಡುವ ದೂರ ಸಿಗುತ್ತದೆ. ಹಳೆಯ ಉದ್ದ ಸ್ಟ್ರೋಕಿನ ಮ್ಯಾಂಕ್ಸ್ ನಾರ್ಟನ್ ಎಂಬ ಬ್ರಿಟಿಷ್ ರೇಸ್ ಬೈಕ್ ಇತ್ತಲ್ಲ, ಒಂದೇ ಸಿಲಿಂಡರ್, ಬೋರ್ 79.6, ಸ್ಟ್ರೋಕ್ 100 ಮಿ.ಮೀ. ಅದನ್ನು 6,500ರಲ್ಲಿ ತಿರುಗಿಸಿದರೆ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 21 ಮೀಟರ್‌ಗಿಂತ ಜಾಸ್ತಿ. ಹೋಂಡಾ ಐದು ಸಿಲಿಂಡರನ್ನು 20,500ರಲ್ಲಿ ತಿರುಗಿಸಿದರೆ ಸೆಕೆಂಡಿಗೆ ಸುಮಾರು 17 ಮೀಟರ್ ಮಾತ್ರ!

ಕಿವಿಗೆ ಕಿರುಚಾಟ ಕೇಳಿಸುವ ಬೈಕಿನ ಪಿಸ್ಟನ್ ನಿಧಾನ. ಗುಡುಗುಡು ಅನ್ನುವ ಬೈಕಿನ ಪಿಸ್ಟನ್ ಜೋರು. ಹುಡುಗರು ಈ ಲೆಕ್ಕ ಮೊದಲು ನಂಬುವುದಿಲ್ಲ. ಮೊಬೈಲ್ ತೆಗೆದು ತಾವೇ ಗುಣಿಸಿ ನೋಡುತ್ತಾರೆ. ಆಮೇಲೆ ಸುಮ್ಮನೆ ಕೂತು ಆ ಗೋಡೆಯನ್ನೇ ನೋಡುತ್ತಾರೆ. ನನಗೆ ಆ ಕ್ಷಣ ಅಂದರೆ ಬಹಳ ಇಷ್ಟ.

ಎಂಟು ಸಿಲಿಂಡರಿನ ಬೈಕ್ ಗೆದ್ದಿತಾ?

ಇಟಲಿಯ ಮೋಟೋ ಗುಜ್ಜಿ ಕಂಪನಿಯ ಜೂಲಿಯೋ ಚೆಸಾರೆ ಕಾರ್ಕಾನೋ 1950ರ ದಶಕದ ನಡುವೆ ಅದನ್ನು ಮಾಡಿದರು. 500 ಸಿಸಿ, ವಿ ಆಕಾರದಲ್ಲಿ ಎಂಟು ಸಿಲಿಂಡರ್, ನೀರಿನಿಂದ ತಣಿಸುವ ಇಂಜಿನ್. ಬೋರ್ 44, ಸ್ಟ್ರೋಕ್ 41 ಮಿ.ಮೀ. ನಿಮ್ಮ ಮನೆಯ ಆರ್‌ಎಕ್ಸ್ 100ರ ಪಿಸ್ಟನ್ 50 ಮಿ.ಮೀ. ಇರುತ್ತದೆ. ಅದಕ್ಕಿಂತ ಸಣ್ಣ ಪಿಸ್ಟನ್ ಎಂಟು, ಪುಟ್ಟ ಕಾರ್ಬುರೇಟರ್ ಎಂಟು, ವಾಲ್ವ್ ಹದಿನಾರು. ಎಲ್ಲವನ್ನೂ ಬೈಕಿನ ಫ್ರೇಮಿನಲ್ಲಿ ಅಡ್ಡಡ್ಡ ಕೂರಿಸಿದ್ದರು. ಸುಮಾರು 78 ಹೆಚ್‌ಪಿ. ಬೆಲ್ಜಿಯಂನ ಸ್ಪಾ ಟ್ರ್ಯಾಕಿನಲ್ಲಿ 1957ರಲ್ಲಿ ಗಂಟೆಗೆ 285 ಕಿ.ಮೀ. ಹತ್ತಿರ ಓಡಿತು. ಆ ಕಾಲದ ಟೈರು, ಆ ಕಾಲದ ಡ್ರಮ್ ಬ್ರೇಕಿನ ಮೇಲೆ! ಓಡಿಸಿದವರ ಗುಂಡಿಗೆಯನ್ನು ಮೆಚ್ಚಲೇಬೇಕು.

ಆದರೆ ವಿಶ್ವ ಚಾಂಪಿಯನ್‌ಷಿಪ್ಪಿನ ಒಂದು ರೇಸನ್ನೂ ಅದು ಗೆಲ್ಲಲಿಲ್ಲ. 1957ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಸೀನಿಯರ್ ಟಿಟಿ ರೇಸಿನಲ್ಲಿ ಡಿಕ್ಕಿ ಡೇಲ್ ಅದನ್ನು ನಾಲ್ಕನೇ ಸ್ಥಾನಕ್ಕೆ ತಂದರು. ಕೊನೆಯಲ್ಲಿ ಒಂದು ಸಿಲಿಂಡರ್ ಸತ್ತು, ಉಳಿದ ಏಳರಲ್ಲೇ ಬಂದರು. ಅದೇ ರೇಸಿನಲ್ಲಿ ಬಾಬ್ ಮ್ಯಾಕಿಂಟೈರ್ ನಾಲ್ಕು ಸಿಲಿಂಡರಿನ ಜಿಲೇರಾದಲ್ಲಿ, ಆ ಟ್ರ್ಯಾಕಿನಲ್ಲಿ ಮೊದಲ ಸಲ ಗಂಟೆಗೆ 100 ಮೈಲಿ ಸರಾಸರಿಯ ಸುತ್ತು ಹಾಕಿ ಗೆದ್ದರು. ಆ ವರ್ಷದ ಕೊನೆಗೆ ಖರ್ಚು ತಾಳದೆ ಗುಜ್ಜಿ, ಜಿಲೇರಾ, ಮೊಂಡಿಯಾಲ್ ಮೂರೂ ಕಂಪನಿಗಳು ರೇಸ್ ಬಿಟ್ಟವು. ಎಂಟು ಸಿಲಿಂಡರಿಗೆ ಮಾಗಲು ಸಮಯವೇ ಸಿಗಲಿಲ್ಲ.

ಈಗ ಇದನ್ನೂ ಕೇಳಿ. ಅದೇ ಕಾರ್ಕಾನೋ, ಅದೇ ಕಾರ್ಖಾನೆ, ಅದೇ ವರ್ಷಗಳು. ಅವರ ಇನ್ನೊಂದು ಬೈಕ್ 350 ಸಿಸಿ. ಒಂದೇ ಸಿಲಿಂಡರ್, ನೆಲಕ್ಕೆ ಸಮವಾಗಿ ಮಲಗಿಸಿದ್ದು. 1953ರಿಂದ 1957ರವರೆಗೆ ಸತತ ಐದು ವರ್ಷ 350 ಸಿಸಿ ವಿಶ್ವ ಚಾಂಪಿಯನ್‌ಷಿಪ್ ಅದರದ್ದೇ. ಕೊನೆಕೊನೆಗೆ ಅದರ ತೂಕ ನೂರು ಕೆ.ಜಿ.ಗಿಂತ ಕಡಿಮೆ ಇತ್ತು. ಗಾಳಿಯನ್ನು ಸೀಳುವ ಹೊದಿಕೆಯ ಆಕಾರವನ್ನು ಕಾರ್ಖಾನೆಯವರು ತಮ್ಮದೇ ಗಾಳಿ ಸುರಂಗದಲ್ಲಿ ಪರೀಕ್ಷೆ ಮಾಡಿ ಸರಿಮಾಡುತ್ತಿದ್ದರು.

ಭಿತ್ತಿಚಿತ್ರದಲ್ಲಿ ಎಂಟು ಸಿಲಿಂಡರ್ ಚೆಂದ. ಆದರೆ ನನ್ನ ಮಟ್ಟಿಗೆ ಕಾರ್ಕಾನೋ ಅವರ ದೊಡ್ಡ ಕೆಲಸ ಆ ಒಂಟಿ ಸಿಲಿಂಡರ್ ಬೈಕು. ಎಂಟು ಯಾಕೆ ಎಲ್ಲರೂ ಇಡಲಿಲ್ಲ ಅನ್ನುವುದಕ್ಕೂ ಇದೇ ಉತ್ತರ. ಸಿಲಿಂಡರ್ ಜಾಸ್ತಿಯಾದಂತೆ ತೂಕ ಜಾಸ್ತಿ, ಉಜ್ಜಾಟ ಜಾಸ್ತಿ, ಕೆಡುವ ಭಾಗಗಳೂ ಜಾಸ್ತಿ.

ವಾಲ್ವ್ ಸ್ಪ್ರಿಂಗ್ ಯಾಕೆ ಅಷ್ಟು ದೊಡ್ಡ ತಲೆನೋವಾಗಿತ್ತು? ಡೆಸ್ಮೋ ಅಂದರೇನು?

ಫೋರ್ ಸ್ಟ್ರೋಕ್ ಇಂಜಿನ್ನಿನಲ್ಲಿ ಎರಡು ಸುತ್ತಿಗೆ ಒಮ್ಮೆ ವಾಲ್ವ್ ತೆರೆಯುತ್ತದೆ. ಅದು 12,000 ಆರ್‌ಪಿಎಂನಲ್ಲಿ ತಿರುಗಿದರೆ ಒಂದು ವಾಲ್ವ್ ಸೆಕೆಂಡಿಗೆ ನೂರು ಸಲ ತೆರೆದು ಮುಚ್ಚಬೇಕು. ತೆರೆಯುವುದನ್ನು ಕ್ಯಾಮ್, ಅಂದರೆ ತಿರುಗುವ ದಂಡದ ಮೇಲಿನ ಉಬ್ಬು, ಒದೆದು ಮಾಡುತ್ತದೆ. ಮುಚ್ಚುವ ಕೆಲಸ ಸ್ಪ್ರಿಂಗಿನದ್ದು. ಆ ವೇಗದಲ್ಲಿ ಸ್ಪ್ರಿಂಗ್ ವೀಣೆಯ ತಂತಿಯ ಹಾಗೆ ತಾನೇ ನಡುಗಲು ಶುರುಮಾಡುತ್ತದೆ. ವಾಲ್ವ್ ಸರಿಯಾದ ಹೊತ್ತಿಗೆ ಕೂರುವುದಿಲ್ಲ. ಪಿಸ್ಟನ್ ಬಂದು ಬಡಿಯುತ್ತದೆ. ಆಮೇಲೆ ಡಬ್ಬ ತುಂಬಾ ಚೂರು.

ಬ್ರಿಟಿಷರು ಹೇರ್‌ಪಿನ್ ಆಕಾರದ ಸ್ಪ್ರಿಂಗ್ ಹಾಕಿ, ಅದನ್ನು ಹೊರಗಿನ ತಂಪು ಗಾಳಿಗೆ ಬಿಟ್ಟರು. ನಾರ್ಟನ್, ವೆಲೋಸೆಟ್ ರೇಸ್ ಬೈಕ್‌ಗಳ ಚಿತ್ರದಲ್ಲಿ ಹೆಡ್ಡಿನ, ಅಂದರೆ ಸಿಲಿಂಡರಿನ ಮೇಲ್ಮುಚ್ಚಳದ, ಹತ್ತಿರ ಬಾಗಿದ ತಂತಿ ಕಾಣಿಸುತ್ತದೆ, ಅದೇ.

ಡುಕಾಟಿಯ ಫಾಬಿಯೋ ತಾಲ್ಯೋನಿ ಇನ್ನೂ ಮುಂದೆ ಹೋದರು. ಮುಚ್ಚುವ ಕೆಲಸವನ್ನೂ ಕ್ಯಾಮಿಗೇ ಕೊಟ್ಟರು. ಒಂದು ಕ್ಯಾಮ್ ತಳ್ಳುತ್ತದೆ, ಇನ್ನೊಂದು ಎಳೆದು ಕೂರಿಸುತ್ತದೆ. ಇದೇ ಡೆಸ್ಮೋ. ಯೋಚನೆ ಹಳೆಯದು, ಮರ್ಸಿಡಿಸ್ 1954ರ ರೇಸ್ ಕಾರಿನಲ್ಲೂ ಇತ್ತು. ಆದರೆ 125 ಸಿಸಿಯ ಪುಟ್ಟ ಹೆಡ್ಡಿನಲ್ಲಿ ಮೂರು ಕ್ಯಾಮ್‌ಷಾಫ್ಟ್ ಕೂರಿಸಿ ಓಡಿಸುವುದು ಬೇರೆಯೇ ಮಾತು. 1956ರಲ್ಲಿ ಸ್ವೀಡನ್ನಿನ ಹೆಡೆಮೋರಾದಲ್ಲಿ ಜಾನ್ನಿ ದೇಲಿ ಆಂತೋನಿ ಅದನ್ನು ಮೊದಲ ರೇಸಿನಲ್ಲೇ ಗೆಲ್ಲಿಸಿದರು. ಅದೇ ವರ್ಷ ಮೊನ್ಜಾದಲ್ಲಿ ಅಭ್ಯಾಸ ಮಾಡುವಾಗ ತೀರಿಕೊಂಡರು. ಈ ಕಥೆ ಹೇಳುವಾಗ ಅವರ ಹೆಸರು ಬಿಟ್ಟು ಹೇಳಬಾರದು ಅನ್ನಿಸುತ್ತದೆ. 1972ರಲ್ಲಿ ಪಾಲ್ ಸ್ಮಾರ್ಟ್ ಇಮೋಲಾದ 200 ಮೈಲಿ ರೇಸನ್ನು 750 ಸಿಸಿ ಡೆಸ್ಮೋದಲ್ಲಿ ಗೆದ್ದ ಮೇಲೆ ಡುಕಾಟಿ ಎಂದರೆ ಡೆಸ್ಮೋ ಎಂದಾಯಿತು.

ಹೋಂಡಾದವರು ಸ್ಪ್ರಿಂಗ್ ಬಿಡಲಿಲ್ಲ. ಎರಡು ದೊಡ್ಡ ವಾಲ್ವ್ ಬದಲು ನಾಲ್ಕು ಪುಟ್ಟ ವಾಲ್ವ್ ಇಟ್ಟರು. ವಾಲ್ವ್ ಹಗುರಾದರೆ ಸ್ಪ್ರಿಂಗಿಗೂ ಕಷ್ಟ ಕಡಿಮೆ. ಆರು ಸಿಲಿಂಡರಿನ 250 ಸಿಸಿ ಬೈಕಿಗೆ ಅವರು ಇಟ್ಟದ್ದು 24 ವಾಲ್ವ್. ಮೈಕ್ ಹೇಲ್‌ವುಡ್ ಅದರಲ್ಲಿ 1966 ಮತ್ತು 1967ರ ಚಾಂಪಿಯನ್. ಇವತ್ತು ನಮ್ಮ ರಸ್ತೆಯಲ್ಲಿ ಓಡುವ ನಾಲ್ಕು ವಾಲ್ವ್ ಬೈಕ್‌ಗಳು ಈ ದಾರಿಯಲ್ಲೇ ಬಂದವು.

ಗಾಳಿ ಬೇಕು ಅಂದರೆ ಪಂಪಿನಿಂದ ಒತ್ತಿ ತುಂಬಬಹುದಲ್ಲಾ?

ತುಂಬಿದ್ದರು. 1939ರಲ್ಲಿ ಗಿಯೋರ್ಗ್ ಮೈಯರ್ ಸೂಪರ್‌ಚಾರ್ಜರ್ ಎಂಬ ಅಂಥ ಪಂಪು ಹಾಕಿದ ಬಿಎಂಡಬ್ಲ್ಯೂನಲ್ಲಿ ಸೀನಿಯರ್ ಟಿಟಿ ಗೆದ್ದರು. ಯುದ್ಧ ಮುಗಿದ ಮೇಲೆ, 1946ರಲ್ಲಿ ಅದನ್ನು ನಿಷೇಧಿಸಿಬಿಟ್ಟರು. ಪಾಪ, ಎಜೆಎಸ್ ಕಂಪನಿಯವರು ಸೂಪರ್‌ಚಾರ್ಜರ್‌ಗಾಗಿಯೇ ಸಿಲಿಂಡರ್ ಮಲಗಿಸಿ ಒಂದು ಇಂಜಿನ್ ಡಿಸೈನ್ ಮಾಡಿದ್ದರು. ಹೆಡ್ಡಿನ ಮೇಲೆ ಮುಳ್ಳಿನ ಹಾಗೆ ಫಿನ್ ಇದ್ದುದರಿಂದ ಅದಕ್ಕೆ ಮುಳ್ಳುಹಂದಿ ಎಂದೇ ಹೆಸರು ಬಿತ್ತು. ನಿಷೇಧ ಬಂದ ಮೇಲೆ ಸೂಪರ್‌ಚಾರ್ಜರ್ ಇಲ್ಲದೆ ಓಡಿಸಿದರು. ಆದರೂ 1949ರಲ್ಲಿ ಲೆಸ್ ಗ್ರಹಾಂ ಅದರಲ್ಲೇ ಮೊಟ್ಟಮೊದಲ 500 ಸಿಸಿ ವಿಶ್ವ ಚಾಂಪಿಯನ್ ಆದರು.

ಟೂ ಸ್ಟ್ರೋಕ್ ರೇಸ್ ಬೈಕಿನ ಸೈಲೆನ್ಸರ್ ಹೊಟ್ಟೆ ಯಾಕೆ ಉಬ್ಬಿರುತ್ತದೆ?

ಇಡೀ ಪುಟದಲ್ಲಿ ನನಗೆ ಅತಿ ಇಷ್ಟವಾದ ಪ್ರಶ್ನೆ ಇದು.

ಪ್ರತಿ ಸುತ್ತಿಗೂ ಒಮ್ಮೆ ಪೆಟ್ರೋಲ್ ಸುಡುವ ಈ ಟೂ ಸ್ಟ್ರೋಕಿನಲ್ಲಿ ಹೆಡ್ಡಿನ ವಾಲ್ವ್ ಇಲ್ಲ. ಸಿಲಿಂಡರ್ ಗೋಡೆಯಲ್ಲಿ ಕಿಟಕಿಗಳಿರುತ್ತವೆ, ನಾವು ಪೋರ್ಟ್ ಅನ್ನುತ್ತೇವೆ. ಹೊಗೆ ಹೋಗುವ ಕಿಟಕಿಯೂ ಹೊಸ ಗಾಳಿ ಬರುವ ಕಿಟಕಿಯೂ ಸ್ವಲ್ಪ ಹೊತ್ತು ಒಟ್ಟಿಗೆ ತೆರೆದಿರುತ್ತವೆ. ಬಂದ ಹೊಸ ಗಾಳಿ, ಪೆಟ್ರೋಲ್ ಹಾಗೇ ಹೊರಗೆ ಹೋಗಿಬಿಡುತ್ತದೆ. ಹಾಗಾಗಿ ಟೂ ಸ್ಟ್ರೋಕ್ ಎಂದರೆ ಅಗ್ಗದ ಬೈಕಿಗೆ ಮಾತ್ರ ಅಂತ ಬಹಳ ಜನ ನಂಬಿದ್ದರು.

ಪೂರ್ವ ಜರ್ಮನಿಯ ಷೋಪೌ ಎಂಬ ಊರಿನ ಎಂಝಡ್ ಕಾರ್ಖಾನೆಯಲ್ಲಿ ವಾಲ್ಟರ್ ಕಾಡೆನ್ ಎಂಬ ಇಂಜಿನಿಯರ್ ಇದ್ದರು. ಯುದ್ಧದ ಕಾಲದಲ್ಲಿ ಪೀನೆಮ್ಯುಂಡೆಯ ಜರ್ಮನ್ ರಾಕೆಟ್ ಕೇಂದ್ರದಲ್ಲಿ ಕೆಲಸ ಮಾಡಿದವರು. ಕೈಯಲ್ಲಿ ದುಡ್ಡು ಕಡಿಮೆ, ಒಳ್ಳೆಯ ಲೋಹ ಸಿಗುವುದೂ ಕಷ್ಟ. ಅವರು ಹೊಗೆಯನ್ನು ಶಬ್ದವಾಗಿ ನೋಡಿದರು.

ಪೋರ್ಟ್ ತೆರೆದ ಕೂಡಲೇ ಒಂದು ಒತ್ತಡದ ಅಲೆ ಪೈಪಿನಲ್ಲಿ ಓಡುತ್ತದೆ. ಪೈಪ್ ಅಗಲವಾಗುವ ಕಡೆ ಆ ಅಲೆ ಎಳೆತವಾಗಿ ಹಿಂದೆ ಬರುತ್ತದೆ. ಒಳಗಿನ ಹೊಗೆಯನ್ನು ಹೀರಿ ತೆಗೆಯುತ್ತದೆ, ಅದರ ಹಿಂದೆ ಹೊಸ ಗಾಳಿಯನ್ನೂ ಎಳೆಯುತ್ತದೆ. ಮುಂದೆ ಪೈಪ್ ಮತ್ತೆ ಕಿರಿದಾಗುವ ಕಡೆ ಅಲೆ ಒತ್ತಡವಾಗಿಯೇ ತಿರುಗಿ ಬರುತ್ತದೆ. ಹೊರಗೆ ಓಡಿಹೋಗುತ್ತಿದ್ದ ಹೊಸ ಗಾಳಿಯನ್ನು, ಪೋರ್ಟ್ ಮುಚ್ಚುವ ಕೊನೆ ಗಳಿಗೆಯಲ್ಲಿ ಸಿಲಿಂಡರ್ ಒಳಗೆ ದೂಡುತ್ತದೆ. ತಿರುಗುವ ಒಂದೇ ಒಂದು ಭಾಗವಿಲ್ಲದ ಸೂಪರ್‌ಚಾರ್ಜರ್!

ಉದ್ದ ಎಷ್ಟಿರಬೇಕು? ಸುಮಾರಾಗಿ ಲೆಕ್ಕ ಹಾಕೋಣ. 10,000 ಆರ್‌ಪಿಎಂನಲ್ಲಿ ಒಂದು ಸುತ್ತಿಗೆ ಸೆಕೆಂಡಿನ ಸಾವಿರ ಭಾಗದಲ್ಲಿ ಆರು ಭಾಗ. ಪೋರ್ಟ್ ಅರ್ಧ ಸುತ್ತಿನಷ್ಟು ಹೊತ್ತು ತೆರೆದಿದ್ದರೆ ಸಾವಿರದಲ್ಲಿ ಮೂರು ಭಾಗ. ಬಿಸಿ ಹೊಗೆಯಲ್ಲಿ ಶಬ್ದ ಸೆಕೆಂಡಿಗೆ 500 ಮೀಟರ್ ಓಡುತ್ತದೆ ಎಂದಿಟ್ಟುಕೊಳ್ಳಿ. ಅಷ್ಟು ಹೊತ್ತಿನಲ್ಲಿ ಒಂದೂವರೆ ಮೀಟರ್. ಹೋಗಿ ಬರಬೇಕಲ್ಲ, ಹಾಗಾಗಿ ಮುಕ್ಕಾಲು ಮೀಟರ್. ಹಳೆಯ ರೇಸ್ ಬೈಕಿನ ಪೈಪಿಗೆ ಟೇಪ್ ಹಿಡಿದು ನೋಡಿ, ಹೆಚ್ಚುಕಡಿಮೆ ಅಷ್ಟೇ ಬರುತ್ತದೆ.

ಇದರ ಜೊತೆಗೆ ಕಾಡೆನ್ ಇನ್ನೆರಡು ಕೆಲಸ ಮಾಡಿದರು. ಡೇನಿಯಲ್ ಜಿಮ್ಮರ್‌ಮನ್ ಎಂಬ ಟ್ಯೂನರ್ ಬಳಸುತ್ತಿದ್ದ ತಿರುಗುವ ತಟ್ಟೆಯನ್ನು, ಅಂದರೆ ಡಿಸ್ಕ್ ವಾಲ್ವನ್ನು, ಗಾಳಿ ಬರುವ ದಾರಿಗೆ ಇಟ್ಟರು. ಹೊಗೆ ಹೋಗುವ ಎಗ್ಸಾಸ್ಟ್ ಪೋರ್ಟಿಗೆ ಎದುರಾಗಿ, ಹೊಸ ಗಾಳಿ ಬರಲು ಮೂರನೆಯದೊಂದು ಪೋರ್ಟ್ ಕೊರೆದರು. 1961ರ ಹೊತ್ತಿಗೆ 125 ಸಿಸಿಯಿಂದ 25 ಹೆಚ್‌ಪಿ ತೆಗೆದರು. ಒಂದು ಲೀಟರ್, ಅಂದರೆ 1000 ಸಿಸಿ ಇಂಜಿನ್ನಿಗೆ ಲೆಕ್ಕ ಹಾಕಿದರೆ 200 ಹೆಚ್‌ಪಿ. ಸೂಪರ್‌ಚಾರ್ಜರ್ ಇಲ್ಲದೆ ಅಲ್ಲಿಗೆ ಯಾರೂ ಮುಟ್ಟಿರಲಿಲ್ಲ.

ಆ ವಿದ್ಯೆ ಜಪಾನಿಗೆ ಹೇಗೆ ಹೋಯಿತು? ನಮ್ಮ ಹೊಸೂರಿಗೂ ಅದಕ್ಕೂ ಏನಾದರೂ ನಂಟಿದೆಯಾ?

ಇದೆ.

ಎಂಝಡ್ ಬೈಕ್ ಓಡಿಸುತ್ತಿದ್ದವರು ಅರ್ನ್ಸ್ಟ್ ಡೆಗ್ನರ್. 1961ರಲ್ಲಿ 125 ಸಿಸಿ ಚಾಂಪಿಯನ್‌ಷಿಪ್ ಕೈಗೆ ಬಂದಂತೇ ಇತ್ತು. ಆ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ ಕ್ರಿಸ್ಟಿಯಾನ್‌ಸ್ಟಾಡ್ ರೇಸಿನಲ್ಲಿ ಇಂಜಿನ್ ಕೆಟ್ಟಿತು. ಡೆಗ್ನರ್ ಮತ್ತೆ ಪೂರ್ವ ಜರ್ಮನಿಗೆ ಹೋಗಲೇ ಇಲ್ಲ. ಪಶ್ಚಿಮಕ್ಕೆ ತಪ್ಪಿಸಿಕೊಂಡು ಸುಝುಕಿ ಸೇರಿದರು. ಕಾಡೆನ್ ಅವರ ವಿದ್ಯೆಯೂ ಅವರ ಜೊತೆಗೆ ಹೋಯಿತು. ಮರುವರ್ಷವೇ, 1962ರಲ್ಲಿ, ಸುಝುಕಿಗೆ ಮೊದಲ ವಿಶ್ವ ಚಾಂಪಿಯನ್‌ಷಿಪ್. 50 ಸಿಸಿಯಲ್ಲಿ, ಓಡಿಸಿದವರು ಡೆಗ್ನರ್. ಟಿವಿಯಲ್ಲಿ ಫಾರ್ಮುಲಾ ಒನ್ ನೋಡುವ ಹುಡುಗರಿಗೆ ಸುಝುಕಾ ಟ್ರ್ಯಾಕಿನ ಡೆಗ್ನರ್ ತಿರುವು ಗೊತ್ತಿರುತ್ತದೆ. ಅದು ಇವರ ಹೆಸರೇ.

ಕಾಡೆನ್ ಎಂಝಡ್‌ನಲ್ಲೇ ಉಳಿದರು. ಅವರಿಗೆ ಆದದ್ದು ದ್ರೋಹ ಅಂತ ನನ್ನ ಮನಸ್ಸು ಹೇಳುತ್ತದೆ. ಆದರೆ ಬರ್ಲಿನ್ ಗೋಡೆ ಎದ್ದ ದೇಶದಲ್ಲಿ ಹೆಂಡತಿ ಮಕ್ಕಳನ್ನು ಇಟ್ಟುಕೊಂಡಿದ್ದ ಡೆಗ್ನರ್ ಅವರ ಕಷ್ಟವೂ ದೊಡ್ಡದೇ. ಗಡಿ ಅಂದರೆ ನಮಗೆ ಅತ್ತಿಬೆಲೆ ಟೋಲು ದಾಟುವಷ್ಟು ಸುಲಭ. ಅವರಿಗೆ ಹಾಗಿರಲಿಲ್ಲ.

ಈಗ ಹೊಸೂರಿಗೆ ಬನ್ನಿ. 1980ರಲ್ಲಿ ಇಲ್ಲಿಂದ ಟಿವಿಎಸ್ 50 ಮೊಪೆಡ್ ಹೊರಬಂತು. 1984ರಲ್ಲಿ ಸುಝುಕಿ ಜೊತೆ ಸೇರಿ 100 ಸಿಸಿ ಟೂ ಸ್ಟ್ರೋಕ್ ಬೈಕ್ ಬಂತು. ನಮ್ಮ ಊರಿನ ಎಷ್ಟೋ ಮನೆಗಳ ಒಲೆ ಆ ಕಾರ್ಖಾನೆಯಿಂದ ಉರಿದಿದೆ. ಆ ಪುಟ್ಟ ಬೈಕು ರೇಸ್ ಬೈಕ್ ಅಲ್ಲ, ಒಪ್ಪಿದೆ. ಆದರೆ ಜಪಾನಿನವರು ಟೂ ಸ್ಟ್ರೋಕನ್ನು ಹಿಡಿತಕ್ಕೆ ತಂದದ್ದು ರೇಸಿನಿಂದ, ಆ ರೇಸಿನ ವಿದ್ಯೆಯ ಒಂದು ಬೇರು ಷೋಪೌನಲ್ಲಿ. ತರಕಾರಿ ಮೂಟೆ, ಗುಲಾಬಿ ಕಟ್ಟು ಹೊತ್ತು ಮಾರ್ಕೆಟ್ಟಿಗೆ ಬರುತ್ತಿದ್ದ ಬೈಕುಗಳ ಹಿಂದೆ ಇಷ್ಟು ಉದ್ದದ ದಾರಿ ಇದೆ.

ಡಿಸ್ಕ್ ವಾಲ್ವ್‌ಗೂ ರೀಡ್ ವಾಲ್ವ್‌ಗೂ ಏನು ವ್ಯತ್ಯಾಸ?

ಡಿಸ್ಕ್ ವಾಲ್ವ್ ಎಂದರೆ ಒಂದು ಕಡೆ ಕತ್ತರಿಸಿದ ತೆಳು ತಟ್ಟೆ. ಪಿಸ್ಟನ್ ತಿರುಗಿಸುವ ದಂಡದ, ಅಂದರೆ ಕ್ರ್ಯಾಂಕಿನ, ಜೊತೆ ತಿರುಗುತ್ತದೆ. ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ನಾವು ತಟ್ಟೆ ಕತ್ತರಿಸುವಾಗಲೇ ಗೊತ್ತುಮಾಡುತ್ತೇವೆ. ಜೋರು ಓಟಕ್ಕೆ ಬಹಳ ಒಳ್ಳೆಯದು. ಆದರೆ ಕಾರ್ಬುರೇಟರ್ ಇಂಜಿನ್ನಿನ ಪಕ್ಕಕ್ಕೆ ಬರುವುದರಿಂದ ಅಗಲ ಜಾಸ್ತಿಯಾಗುತ್ತದೆ.

ರೀಡ್ ವಾಲ್ವ್ ತೆಳು ಎಲೆಗಳ ಹಾಗೆ. ಒಳಗೆ ಎಳೆತ ಬಂದರೆ ತೆರೆಯುತ್ತದೆ, ಒತ್ತಡ ಬಂದರೆ ಮುಚ್ಚಿಕೊಳ್ಳುತ್ತದೆ. ಇಂಜಿನ್ ಎಷ್ಟು ಕೇಳುತ್ತದೋ ಅಷ್ಟು. ಹಾಗಾಗಿ ಕಡಿಮೆ ಆರ್‌ಪಿಎಂನಲ್ಲೂ ಎಳೆತ ಚೆನ್ನಾಗಿರುತ್ತದೆ. 1983ರಲ್ಲಿ ಬಂದ ರಾಜದೂತ್ 350, 1985ರಲ್ಲಿ ಬಂದ ಆರ್‌ಎಕ್ಸ್ 100 ಎರಡರಲ್ಲೂ ಇದೇ ಇದೆ. ಕಾರ್ಬುರೇಟರ್ ಬಿಚ್ಚಿ ಅದರ ಹಿಂದಿನ ಡಬ್ಬಿ ತೆಗೆದರೆ ಕೈಗೇ ಸಿಗುತ್ತದೆ. ಎಲೆಯ ಅಂಚು ಒಡೆದಿದ್ದರೆ ಮೊದಲು ಅದನ್ನು ಬದಲಿಸಿ.

ಮೈಸೂರಿನ ಜಾವಾ, ಯೆಜ್ಡಿಗಳಲ್ಲಿ ಇವೆರಡೂ ಇಲ್ಲ. ಪಿಸ್ಟನ್ನೇ ಕಿಟಕಿ ತೆರೆದು ಮುಚ್ಚುತ್ತದೆ.

50 ಸಿಸಿ ಬೈಕಿಗೆ 14 ಗೇರ್ ಇತ್ತಂತೆ, ಹೌದಾ?

ಹೌದು, ಸುಝುಕಿಯ 1967ರ ಎರಡು ಸಿಲಿಂಡರ್ 50 ಸಿಸಿ ರೇಸ್ ಬೈಕಿಗೆ. ಮೇಲೆ ಹೇಳಿದ ಪೈಪಿನ ಅಲೆ ಒಂದು ಆರ್‌ಪಿಎಂಗೆ ಮಾತ್ರ ಸರಿಹೊಂದುತ್ತದೆ. ಸ್ವಲ್ಪ ಕೆಳಗಿಳಿದರೆ ಇಂಜಿನ್ ಸತ್ತ ಹಾಗೆ. ಅದೇ ಜಾಗದಲ್ಲಿ ಹಿಡಿದಿಡಲು ಅಷ್ಟು ಗೇರ್ ಬೇಕಾಯಿತು. ಆಮೇಲೆ ಸಿಲಿಂಡರಿಗೂ ಗೇರಿಗೂ ಮಿತಿ ಹಾಕುವ ನಿಯಮ ಬಂತು.

ಪಿಸ್ಟನ್ ಗುಂಡಗೇ ಇರಬೇಕಾ?

ಹೋಂಡಾದವರು ಬೇಡ ಅಂದರು. 1979ರಲ್ಲಿ ಎನ್ಆರ್ 500 ಎಂಬ ಬೈಕನ್ನು ಸಿಲ್ವರ್‌ಸ್ಟೋನ್ ರೇಸಿಗೆ ತಂದರು. ನಿಯಮ ಇದ್ದದ್ದು ಗರಿಷ್ಠ ನಾಲ್ಕು ಸಿಲಿಂಡರ್. ಅವರಿಗೆ ಬೇಕಿದ್ದದ್ದು ಎಂಟರ ಉಸಿರು. ಹಾಗಾಗಿ ಎರಡೆರಡು ಸಿಲಿಂಡರ್ ಅಂಟಿಸಿದ ಹಾಗೆ ಉದ್ದನೆಯ ಪಿಸ್ಟನ್ ಮಾಡಿದರು. ಒಂದು ಪಿಸ್ಟನ್ನಿಗೆ ಎರಡು ಕನೆಕ್ಟಿಂಗ್ ರಾಡ್, ಎಂಟು ವಾಲ್ವ್. ಒಟ್ಟು 32 ವಾಲ್ವ್. ಪಿಸ್ಟನ್ ಸುತ್ತ ಕೂರುವ ರಿಂಗನ್ನು ಆ ಆಕಾರದಲ್ಲಿ ಮಾಡುವುದನ್ನು ನೆನೆಸಿಕೊಂಡರೆ ಟೂಲ್ ರೂಮಿನಲ್ಲಿ ಕೆಲಸ ಮಾಡಿದ ನನ್ನಂಥವನ ಬೆನ್ನು ಜುಮ್ಮೆನ್ನುತ್ತದೆ. ಅದಕ್ಕೆ ಗ್ರ್ಯಾಂಡ್ ಪ್ರಿಯಲ್ಲಿ ಗೆಲುವು ಸಿಗಲಿಲ್ಲ. ಹೋಂಡಾ ಕೊನೆಗೆ ಮೂರು ಸಿಲಿಂಡರಿನ ಟೂ ಸ್ಟ್ರೋಕ್ ಮಾಡಿತು, ಅದರಲ್ಲಿ ಫ್ರೆಡ್ಡಿ ಸ್ಪೆನ್ಸರ್ 1983ರ ಚಾಂಪಿಯನ್ ಆದರು.

ನಮ್ಮ ಕಡೆ ರೇಸ್ ಎಲ್ಲಿ ನಡೆಯುತ್ತಿತ್ತು?

ಮದರಾಸಿನ ಹತ್ತಿರ ಶೋಳಾವರಂನಲ್ಲಿ. ಯುದ್ಧಕಾಲದ ಹಳೆಯ ವಿಮಾನ ಪಟ್ಟಿ ಅದು. 1980ರ ದಶಕದ ನಡುವೆ ನಾನೂ ನನ್ನ ಗೆಳೆಯನೂ ಹೊಸೂರಿನಿಂದ ರಾತ್ರಿ ಬಸ್ ಹತ್ತಿ ಹೋಗಿದ್ದೆವು. ಬಿಸಿಲಿನಲ್ಲಿ ಕಾಂಕ್ರೀಟ್ ಕಾದಿತ್ತು. ಯೆಜ್ಡಿ, ಬುಲೆಟ್, ರಾಜದೂತ್ 350 ಎಲ್ಲ ಓಡಿದವು. ಕಣ್ಣು ಮುಚ್ಚಿಕೊಂಡು ನಿಂತರೂ ಯಾವುದು ಬರುತ್ತಿದೆ ಎಂದು ಹೇಳಬಹುದಿತ್ತು. ಇಂಜಿನ್ ಬಿಚ್ಚಿ ನೋಡಬೇಕೆಂಬ ಆಸೆ ನನಗೆ ಹುಟ್ಟಿದ್ದು ಅಲ್ಲಿ. 1990ರಲ್ಲಿ ಶ್ರೀಪೆರುಂಬುದೂರಿನ ಹತ್ತಿರ ಇರುಂಗಾಟ್ಟುಕೋಟೈ ಟ್ರ್ಯಾಕ್ ಬಂತು.

ರೇಸ್ ಬೈಕಿನ ಹೊಗೆಗೆ ಒಂದು ಸಿಹಿ ವಾಸನೆ ಇರುತ್ತದಂತೆ. ಅದೇನು?

ಹರಳೆಣ್ಣೆ. ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ಅದೇ ಹರಳು. ಬಹಳ ಬಿಸಿಯಲ್ಲೂ ಅದು ಲೋಹದ ಮೈಯನ್ನು ಬಿಡುವುದಿಲ್ಲ, ಹಾಗಾಗಿ ರೇಸ್ ಇಂಜಿನ್‌ಗಳಿಗೆ ಹರಳೆಣ್ಣೆಯ ಆಯಿಲ್ ಹಾಕುತ್ತಿದ್ದರು. ಕ್ಯಾಸ್ಟ್ರಾಲ್ ಎಂಬ ಹೆಸರು ಬಂದದ್ದೇ ಅದರಿಂದ. ಆದರೆ ಗಾಣದ ಎಣ್ಣೆ ತಂದು ಬೈಕಿಗೆ ಹುಯ್ಯಬೇಡಿ. ಅಂಟು ಕಟ್ಟಿ ರಿಂಗ್ ಹಿಡಿದುಕೊಳ್ಳುತ್ತದೆ. ರೇಸ್ ಮುಗಿದ ಮೇಲೆ ಪ್ರತಿ ಸಲ ಇಂಜಿನ್ ಬಿಚ್ಚಿ ತೊಳೆಯುವವರಿಗೆ ಅದು ಸರಿ.

ನನ್ನ ಆರ್‌ಎಕ್ಸ್‌ಗೆ ಪೋರ್ಟಿಂಗ್ ಮಾಡಿಸಿ, ಉಬ್ಬು ಪೈಪ್ ಹಾಕಿಸಲಾ?

ನನ್ನ ಅನುಭವ ಹೇಳುತ್ತೇನೆ. ಇಪ್ಪತ್ತೈದರ ವಯಸ್ಸಿನಲ್ಲಿ ನನ್ನ ಹಳೆಯ ಟೂ ಸ್ಟ್ರೋಕ್ ಬೈಕಿನ ಎಗ್ಸಾಸ್ಟ್ ಪೋರ್ಟನ್ನು ಅರದಿಂದ ಎರಡು ಮಿ.ಮೀ. ಮೇಲಕ್ಕೆ ಉಜ್ಜಿದೆ. ಕೃಷ್ಣಗಿರಿ ರಸ್ತೆಯಲ್ಲಿ ಓಡಿಸಿದಾಗ ಹಾರಿದ ಹಾಗಾಯಿತು. ಆದರೆ ಅಂಚೆಟ್ಟಿ ಘಾಟಿಯಲ್ಲಿ ಹಿಂದೆ ತಮ್ಮನನ್ನು ಕೂರಿಸಿಕೊಂಡು ಹತ್ತಲು ಆಗಲಿಲ್ಲ. ಕೆಳಗಿನ ಎಳೆತ ಪೂರ್ತಿ ಹೋಗಿತ್ತು. ಜೋರಾಗಿ ತಿರುಗಿಸಿದೆ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ಜೆಟ್ ಹಳೆಯದೇ ಇತ್ತು, ಪೆಟ್ರೋಲ್ ಸಾಲಲಿಲ್ಲ, ಬಿಸಿ ಏರಿತು. ಪಿಸ್ಟನ್ ಸೀಜ್ ಆಗಿ ಹಿಂದಿನ ಚಕ್ರ ಕಚ್ಚಿಕೊಂಡಿತು. ತಮ್ಮನ ಮೊಣಕೈ ಮುರಿಯಿತು. ಇವತ್ತಿಗೂ ಅವನ ಕೈ ಪೂರ್ತಿ ನೇರವಾಗುವುದಿಲ್ಲ. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹಾಗಾಗಿ ಉತ್ತರ: ರಸ್ತೆಯ ಬೈಕಿಗೆ ಬೇಡ. ಸಿಲಿಂಡರ್ ಬ್ಲಾಕಿನಿಂದ ಒಮ್ಮೆ ಉಜ್ಜಿ ತೆಗೆದದ್ದನ್ನು ಮತ್ತೆ ಸೇರಿಸಲು ಆಗುವುದಿಲ್ಲ. ಹಳೆಯ ಬ್ಲಾಕ್ ಈಗ ಸಿಗುವುದೂ ಕಷ್ಟ. ಟ್ರ್ಯಾಕಿಗೇ ಬೇಕಾದರೆ ಬೇರೆ ಬ್ಲಾಕ್ ಇಟ್ಟುಕೊಂಡು, ಪೈಪು, ಜೆಟ್ಟು, ಇಗ್ನಿಷನ್ ಟೈಮಿಂಗ್ ಎಲ್ಲವನ್ನೂ ಒಟ್ಟಿಗೆ ಲೆಕ್ಕ ಹಾಕಿ ಮಾಡಿ. ಒಂದನ್ನು ಮುಟ್ಟಿದರೆ ಮೂರನ್ನೂ ಮುಟ್ಟಲೇಬೇಕು.

ನನ್ನ ಮಗಳಿಗೆ ಇಂಜಿನ್ ಹುಚ್ಚು. ಕರೆದುಕೊಂಡು ಬರಬಹುದಾ?

ಕೆಲಮಂಗಲದ ಒಬ್ಬ ತಾಯಿ ಕೇಳಿದ್ದು. ಖಂಡಿತ ಬನ್ನಿ ಅಮ್ಮ. ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಇಂಗ್ಲಿಷ್ ಇಂಜಿನಿಯರ್ 1934ರಲ್ಲಿ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ತಮ್ಮ ನಾರ್ಟನ್ ಓಡಿಸಿ ಗಂಟೆಗೆ 106 ಮೈಲಿ ಸುತ್ತು ಹಾಕಿದ್ದರು. ಯುದ್ಧದಲ್ಲಿ ಬ್ರಿಟಿಷ್ ಫೈಟರ್ ವಿಮಾನಗಳು ಮೂಗು ಬಗ್ಗಿಸಿ ಇಳಿದಾಗ ಇಂಜಿನ್ ತಡವರಿಸುತ್ತಿತ್ತು, ಕಾರ್ಬುರೇಟರ್ ತೊಂದರೆ. ಅದಕ್ಕೆ ಒಂದು ಪುಟ್ಟ ತೂತಿನ ಲೋಹದ ಬಿಲ್ಲೆ ಮಾಡಿ ಕೊಟ್ಟವರೂ ಇವರೇ. ಕೂದಲು ಬಿಗಿಯಾಗಿ ಕಟ್ಟಿಸಿ, ದುಪಟ್ಟಾ ಬೇಡ, ಲೇತ್ ಹತ್ತಿರ ಅದು ಅಪಾಯ. ಹುಡುಗರಿಗೂ ಇದೇ ಮಾತು, ಸಡಿಲ ಬಟ್ಟೆ ಬೇಡ.

ಅಜ್ಜನ ಹಳೆಯ ಬೈಕ್ ಹತ್ತು ವರ್ಷದಿಂದ ಕೊಟ್ಟಿಗೆಯಲ್ಲಿದೆ. ಕಿಕ್ ಹೊಡೆದು ನೋಡಲಾ?

ದಯವಿಟ್ಟು ಹೊಡೆಯಬೇಡಿ. ಒಳಗೆ ತುಕ್ಕು ಹಿಡಿದಿದ್ದರೆ ಒಂದೇ ಕಿಕ್ಕಿಗೆ ರಿಂಗ್ ಮುರಿದು ಬ್ಲಾಕ್ ಗೀಚಿಬಿಡುತ್ತದೆ.

ಮೊದಲು ಟ್ಯಾಂಕಿನ ಹಳೆಯ ಪೆಟ್ರೋಲ್ ಖಾಲಿ ಮಾಡಿ. ಪ್ಲಗ್ ಬಿಚ್ಚಿ. ಆ ತೂತಿನಿಂದ ಎರಡು ಚಮಚ ಟೂ ಸ್ಟ್ರೋಕ್ ಆಯಿಲ್ ಬಿಡಿ. ಒಂದು ರಾತ್ರಿ ಹಾಗೇ ಇರಲಿ. ಮರುದಿನ ಬೈಕನ್ನು ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸಿ. ಪಿಸ್ಟನ್ ಅಲುಗಿದರೆ ಪ್ಲಗ್ ತೂತಿನಲ್ಲಿ ಉಸ್ ಅಂತ ಗಾಳಿ ಬರುತ್ತದೆ. ಬಂದರೆ ಅಲ್ಲಿಗೇ ನಿಲ್ಲಿಸಿ. ಅಲುಗದಿದ್ದರೆ ಬಲ ಹಾಕಬೇಡಿ, ಮತ್ತೊಂದಿಷ್ಟು ಆಯಿಲ್ ಬಿಟ್ಟು ಇನ್ನೆರಡು ದಿನ ಕಾಯಿರಿ. ಆಮೇಲೆ ಟೆಂಪೋದಲ್ಲಿ ಹಾಕಿಕೊಂಡು ಭಾನುವಾರ ಬೆಳಿಗ್ಗೆ ಬನ್ನಿ. ಅಜ್ಜ ಇದ್ದರೆ ಅವರನ್ನೂ ಕರೆತನ್ನಿ, ಆ ಬೈಕ್ ಕೊನೆಯ ಸಲ ಯಾಕೆ ನಿಂತಿತು ಎಂದು ಅವರನ್ನೇ ಕೇಳಬೇಕು.